ಬಾಟಾದ ಊರು

ನಮ್ಮ ಕಡೆ ‘ಬಾಟಾ’ಕ್ಕೆ ಎರಡು ಅರ್ಥ. ಒಂದನ್ನು ಕಾಲಿಗೆ ಹಾಕುತ್ತೇವೆ, ಇನ್ನೊಂದನ್ನು ಬಾಡಿಗೆ ಕಾರಿನ ಡ್ರೈವರನ ಕೈಗೆ ಇಡುತ್ತೇವೆ. ಚಿಕ್ಕವನಿದ್ದಾಗ ನನಗೆ ಎರಡೂ ಒಂದೇ. ದಿನವಿಡೀ ಬ್ರೇಕು, ಕ್ಲಚ್ಚು ತುಳಿದರೆ ಚಪ್ಪಲಿ ಸವೆಯದೆ ಇರುತ್ತದೆಯೆ? ಅದಕ್ಕೇ ಪಾಪ ಚಪ್ಪಲಿ ದುಡ್ಡು ಕೊಡುತ್ತಾರೆ ಅಂದುಕೊಂಡಿದ್ದೆ.

ಕಂಪನಿ ನಮ್ಮ ದೇಶದ್ದೇ ಎನ್ನುವುದರಲ್ಲಂತೂ ಅನುಮಾನವೇ ಇರಲಿಲ್ಲ. ಟಾಟಾ ಇದ್ದಮೇಲೆ ಬಾಟಾ ಇರಬೇಡವೆ, ದಾಯಾದಿಗಳಿರಬೇಕು! ಜೂನ್ ಬಂತೆಂದರೆ ಅಪ್ಪ ನಮ್ಮನ್ನು ಅಂಗಡಿಗೆ ಹೊಡೆದುಕೊಂಡು ಹೋಗಿ, “ಬೆಳೆಯೋ ಕಾಲು, ಒಂದು ನಂಬರ್ ದೊಡ್ಡದೇ ಕೊಡಿ” ಎನ್ನುತ್ತಿದ್ದರು. ತುದಿಗೆ ಹತ್ತಿ ತುರುಕಿಕೊಂಡು ನಡೆದ ಆ ಬಿಳಿ ಕ್ಯಾನ್ವಾಸ್ ಶೂಗಳ ಮೂಲಪುರುಷ ಜೆಕ್ ಸೀಮೆಯವನೆಂದು ತಿಳಿಯುವ ಹೊತ್ತಿಗೆ ನನ್ನ ಕಾಲು ಬೆಳೆಯುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು.

ಆತನ ಊರಿನ ಹೆಸರು ಜ್ಲೀನ್. ಮೊರಾವಿಯಾದ ಪುಟ್ಟ ಊರು. ಅಲ್ಲಿ ತಲೆತಲಾಂತರದಿಂದ ಜೋಡು ಹೊಲಿಯುತ್ತಿದ್ದ ಬಾಟಾ ಮನೆತನದ ಆಂಟೋನಿನ್, ಆನ್ನಾ, ತೋಮಾಶ್ ಎಂಬ ಒಡಹುಟ್ಟಿದವರು 1894ರಲ್ಲಿ ಕಂಪನಿ ತೆರೆದರು. ತೋಮಾಶನಿಗೆ ಹದಿನೆಂಟು. ವರ್ಷ ತಿರುಗುವುದರೊಳಗೆ ಮೈತುಂಬ ಸಾಲ. ಚರ್ಮ ಕೊಳ್ಳಲು ಕಾಸಿಲ್ಲದೆ ಬಟ್ಟೆಯಲ್ಲೇ ಜೋಡು ಹೊಲಿದರು. ಅದೇ ಕೈಹಿಡಿಯಿತು. ನಮ್ಮಲ್ಲಾದರೆ ಇದಕ್ಕೊಂದು ಹರಕೆಯ ಕಥೆ ಹುಟ್ಟಿಕೊಳ್ಳುತ್ತಿತ್ತು.

1904ರಲ್ಲಿ ತೋಮಾಶ್ ಅಮೆರಿಕದ ಲಿನ್ ಎಂಬ ಊರಿಗೆ ಹೋಗಿ, ಶೂ ಕಾರ್ಖಾನೆಯಲ್ಲಿ ಕೂಲಿಯಾಗಿ ದುಡಿದು ಯಂತ್ರದ ಕೆಲಸ ಕಲಿತು ಬಂದ. 1922ರಲ್ಲಿ ಯಾರಿಗೂ ಶೂ ಕೊಳ್ಳುವ ತ್ರಾಣವಿಲ್ಲದಾಗ ಬೆಲೆಯನ್ನು ಅರ್ಧಕ್ಕೆ ಇಳಿಸಿದ. ಕೆಲಸಗಾರರ ಕೂಲಿಯನ್ನೂ ಕಡಿಮೆ ಮಾಡಿದ ಎನ್ನುವುದನ್ನು ಹೊಗಳುವ ಭರದಲ್ಲಿ ಮರೆಯಬಾರದು. ಮರುವರ್ಷ ಆತನೇ ಊರಿನ ಮೇಯರ್. ದುಡಿಯುವುದು ಬಾಟಾದಲ್ಲಿ, ಮನೆ ಬಾಟಾದ್ದು, ಆಸ್ಪತ್ರೆ ಬಾಟಾದ್ದು. ಮಾಲೀಕನ ಮೇಲೆ ಪುರಸಭೆಗೆ ದೂರು ಕೊಡೋಣವೆಂದರೆ ಅಲ್ಲಿ ಕೂತವನೂ ಅವನೇ.

ಬೆಲೆಯ ಬಾಲಕ್ಕೆ ಒಂಬತ್ತು ಅಂಟಿಸುವುದಕ್ಕೆ ಜೆಕ್ ಜನ ಇಂದಿಗೂ ‘ಬಾಟಾ ಬೆಲೆ’ ಎನ್ನುತ್ತಾರೆ. ನಮ್ಮಲ್ಲಿ ಅದು ತೊಂಬತ್ತೊಂಬತ್ತು ರೂಪಾಯಿ ತೊಂಬತ್ತೈದು ಪೈಸೆಯಾಯಿತು. ಉಳಿದ ಐದು ಪೈಸೆ ಕೈಗೆ ಬರುವವರೆಗೂ ಅಪ್ಪ ಗಲ್ಲಾದ ಮುಂದಿನಿಂದ ಕದಲುತ್ತಿರಲಿಲ್ಲ.

1932ರಲ್ಲಿ ಮಂಜಿನಲ್ಲಿ ಹೊರಟ ವಿಮಾನ ಬಿದ್ದು ತೋಮಾಶ್ ಸತ್ತ. ಗಾದಿಗೆ ಬಂದ ಮಲತಮ್ಮ ಯಾನ್ ಹದಿನಾರು ಅಂತಸ್ತಿನ ಕಚೇರಿ ಕಟ್ಟಿಸಿದ, 1938ರಲ್ಲಿ ಮುಗಿಯಿತು. ತನ್ನ ಕೋಣೆಯನ್ನು ಮಾಡಿಸಿಕೊಂಡದ್ದು ಲಿಫ್ಟಿನೊಳಗೆ! ಆರು ಮೀಟರ್ ಉದ್ದ, ಅಷ್ಟೇ ಅಗಲ, ಮೇಜು, ಕೈತೊಳೆಯುವ ಬೇಸಿನ್ ಎಲ್ಲ ಸೇರಿ ಮೇಲೆ ಕೆಳಗೆ ಓಡಾಡುವ ಕೋಣೆ. ನಮ್ಮ ಕಚೇರಿಗಳಲ್ಲಿ ಕಡತ ಹಿಡಿದ ನಾವು ಸಾಹೇಬರನ್ನು ಹುಡುಕಿಕೊಂಡು ಮಹಡಿಯಿಂದ ಮಹಡಿಗೆ ಅಲೆಯುತ್ತೇವೆ; ಅಲ್ಲಿ ಸಾಹೇಬರೇ ಮೇಜು ಸಮೇತ ಬಂದಿಳಿಯುವ ಏರ್ಪಾಡು. ಗುಮಾಸ್ತರಿಗೆ ಯಾವುದು ಹೆಚ್ಚು ಕಷ್ಟವೆಂದು ಹೇಳಲಾರೆ.

ಅದರ ಸುಖ ಯಾನ್‌ಗೆ ದಕ್ಕಲಿಲ್ಲ. 1939ರಲ್ಲಿ ನಾಜಿಗಳು ಬಂದರು, ಆತ ದೇಶ ಬಿಟ್ಟ. 1945ರಲ್ಲಿ ಸರ್ಕಾರ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. 1949ರಲ್ಲಿ ಊರಿನ ಹೆಸರೂ ಹೋಗಿ, ಕಮ್ಯುನಿಸ್ಟ್ ಅಧ್ಯಕ್ಷನ ಹೆಸರಿನ ಗೊತ್ವಾಲ್ದೊವ್ ಆಯಿತು. ಕೊಲ್ಕತ್ತದ ಪಕ್ಕದಲ್ಲಿ ಬಾಟಾನಗರ ಹೆಸರು ಉಳಿಸಿಕೊಂಡಿದ್ದಾಗ, ಬಾಟಾ ಹುಟ್ಟಿದೂರಿಗೆ ತನ್ನದೇ ಹೆಸರು ಸಿಕ್ಕಿದ್ದು 1990ರಲ್ಲಿ.

ಆ ಲಿಫ್ಟು ಈಗಲೂ ಇದೆ, ಹೋದವರಿಗೆ ತೋರಿಸುತ್ತಾರೆ. ಕಟ್ಟಡದಲ್ಲಿ ಈಗಿರುವುದು ಪ್ರಾಂತ್ಯದ ಆಡಳಿತ ಕಚೇರಿ ಮತ್ತು ತೆರಿಗೆ ಇಲಾಖೆ.