ಫ್ರಿಜ್ಜಿನ ಬ್ರಹ್ಮಗಂಟು

ತಪ್ಪು ಗಂಟಿನದೋ ಹಿಟ್ಟಿನದೋ ಎಂಬ ವ್ಯಾಜ್ಯ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಬಾಡಿಗೆ ಆರ್‌ವಿಯನ್ನು, ಅಂದರೆ ಆ ಚಕ್ರದ ಮೇಲಿನ ಮನೆಯನ್ನು, ಉಜ್ಜಿ ತೊಳೆದು ವಾಪಸು ಒಪ್ಪಿಸಿಯೂ ಆಯಿತು. ಮಾವನವರು ಮಾತ್ರ ಊಟಕ್ಕೆ ಕೂತಾಗಲೆಲ್ಲ "ಬಾಗಿಲು ತೆಗೆದುಕೊಳ್ತಾ? ಇಲ್ಲ ತಾನೇ?" ಎಂದು ಶುರುಮಾಡುತ್ತಾರೆ. ಅತ್ತೆ ಸೌಟನ್ನು ಪಾತ್ರೆಯ ಅಂಚಿಗೆ ಬಡಿದು ಉತ್ತರ ಕೊಡುತ್ತಾರೆ.

ಯೊಸೆಮಿಟಿಗೆ ಹತ್ತಿರದ ಗ್ರೋವ್‌ಲ್ಯಾಂಡಿನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಹೊರಟಿದ್ದೆವು. ಚೆಕ್‌ಲಿಸ್ಟಿನ ಅಧಿಕಾರ ಮಗಳದು. ಕ್ಲಿಪ್‌ಬೋರ್ಡ್ ಹಿಡಿದು ಅಪ್ಪನ ಹಿಂದೆಯೇ ಸುತ್ತುತ್ತಿದ್ದಳು. ಆನಿಂಗ್ ಸುತ್ತಿದ್ದಾಯ್ತಾ? ಆಂಟೆನಾ ಇಳಿಸಿದ್ದಾಯ್ತಾ? ಸೂರಿನ ಕಿಂಡಿ? ಮೆಟ್ಟಿಲು? ಕರೆಂಟಿನ ವೈರು, ನೀರಿನ ಪೈಪು? ಪ್ರೊಪೇನ್ ಬಂದ್? ಮನೆಯಲ್ಲಿ ಕಸದ ಚೀಲ ಹೊರಗಿಡಲು ಹತ್ತು ಸಲ ಹೇಳಿಸಿಕೊಳ್ಳುವ ಇವರು ಇಲ್ಲಿ "ಆಯ್ತು ಮೇಡಂ, ಆಯ್ತು ಮೇಡಂ" ಎನ್ನುತ್ತಿದ್ದರು.

ಮಾವನವರ ಕಣ್ಣು ಫ್ರಿಜ್ಜಿನ ಚಿಲಕದ ಮೇಲೆ ಬಿತ್ತು. "ಈ ಪ್ಲಾಸ್ಟಿಕ್ ಕಡ್ಡಿ ನಂಬಿಕೊಂಡು ಘಾಟಿ ಹತ್ತೋದೇನೋ?" ಎಂದವರೇ ಎಲ್ಲಿಂದಲೋ ಬಟ್ಟೆಯ ಪಟ್ಟಿಗಳನ್ನು ತಂದು ಫ್ರಿಜ್ಜು, ಡ್ರಾಯರು, ಕಪಾಟು ಎಲ್ಲಕ್ಕೂ ಗಂಟು ಹಾಕತೊಡಗಿದರು.

ಮಾವ ಕಂದಾಯ ಇಲಾಖೆಯಲ್ಲಿದ್ದವರು. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿಗೆ ವರ್ಗವಾದರೂ ಲಾರಿಯ ಸಾಮಾನನ್ನು ತಾವೇ ಕಟ್ಟಿ ಸಾಗಿಸಿದವರು. ಒಂದು ಲೋಟ ನಗ್ಗಿಲ್ಲ ಎಂಬುದು ಅವರ ಹೆಮ್ಮೆ. ಅತ್ತೆಯ ಆವೃತ್ತಿಯೇ ಬೇರೆ: "ನಗ್ಗಲಿಲ್ಲ ಸರಿ. ತೊಟ್ಟಿಲಿನ ಕಟ್ಟು ಬಿಚ್ಚೋಕಾಗ್ದೆ ಮಗೂನ ವಾರಗಟ್ಟಲೆ ಚಾಪೆ ಮೇಲೆ ಮಲಗಿಸಿದ್ದೆ." ಆ ಮಗುವೇ ಈಗ ಸ್ಟಿಯರಿಂಗ್ ಹಿಡಿದಿದ್ದರು.

ತಾತನ ಆತಂಕದ ಬೆಂಕಿಗೆ ಮಗಳು ತುಪ್ಪ ಸುರಿದಳು. "ತಾತ, ಇಲ್ಲಿ ಕರಡಿಗಳು ಊಟದ ವಾಸನೆ ಹಿಡಿದು ಕಾರಿನ ಬಾಗಿಲೇ ಕಿತ್ತು ಹಾಕ್ತವಂತೆ." ಮಾತು ನಿಜವೇ. ಆದರೆ ಯಾರಿಗೆ ಹೇಳಬೇಕು ಯಾರಿಗೆ ಹೇಳಬಾರದು ಅನ್ನುವುದು ಬೇಡವೇ? ತಾತ ಇನ್ನೊಂದು ಗಂಟು ಬಿಗಿದರು.

ಓಡುವಾಗ ಪ್ರೊಪೇನ್ ಬಂದ್ ಇರಬೇಕು. ನಮ್ಮ ಗಾಡಿಯ ಫ್ರಿಜ್ಜಿಗೆ ದಾರಿಯಲ್ಲಿ ಅದೇ ಗ್ಯಾಸು ಗತಿ. ಗ್ಯಾಸು ನಿಂತಿತು, ಫ್ರಿಜ್ಜು ಮಲಗಿತು, ದೋಸೆಹಿಟ್ಟು ಎದ್ದಿತು. ಅದೂ ಎಂಥ ಹಿಟ್ಟು! ಸಮುದ್ರಮಟ್ಟದ ಫ್ರೀಮಾಂಟಿನಲ್ಲಿ ಅತ್ತೆ ರುಬ್ಬಿ, ಚೆಲ್ಲಬಾರದೆಂದು ಡಬ್ಬಿಯ ಕಂಠದವರೆಗೆ ತುಂಬಿ ಮುಚ್ಚಳ ಒತ್ತಿದ್ದು. ನಾವು ದಾಟಬೇಕಿದ್ದ ಟಿಯೋಗಾ ಪಾಸ್ ಇರುವುದು 9,943 ಅಡಿ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗವೂ ಇಲ್ಲ. ಚಿಪ್ಸ್ ಪೊಟ್ಟಣಗಳು ಊದಿಕೊಂಡು ಈಗಲೋ ಆಗಲೋ ಎನ್ನುವಂತಿದ್ದವು. ಹಿಟ್ಟಿನ ಯೋಚನೆ ಯಾರಿಗೂ ಬರಲಿಲ್ಲ.

ಪಾಸ್ ದಾಟಿ ಟಿಯೋಗಾ ಸರೋವರದ ಬಳಿ ಗಾಡಿ ನಿಲ್ಲಿಸಿದಾಗ ಮಗಳು ಕೂಗಿದಳು: "ಅಮ್ಮಾ, ಫ್ರಿಜ್ ಜೊಲ್ಲು ಸುರಿಸ್ತಿದೆ!"

ಬಾಗಿಲಿನ ರಬ್ಬರ್ ಪಟ್ಟಿಯ ಸಂದಿಯಿಂದ ಬಿಳಿ ಹಿಟ್ಟು ಗುಳ್ಳೆಗುಳ್ಳೆಯಾಗಿ, ಯಾವ ಅವಸರವೂ ಇಲ್ಲದೆ ಇಳಿಯುತ್ತಿತ್ತು. ಒಂದು ಗುಳ್ಳೆ ಟಪ್ಪೆಂದು ಒಡೆದು ಇವರ ಕನ್ನಡಕಕ್ಕೆ ಸಿಡಿಯಿತು. ಬಾಗಿಲು ತೆಗೆಯೋಣವೆಂದರೆ ಗಂಟು. ಕತ್ತರಿಸೋಣವೆಂದರೆ ಚಾಕು ಡ್ರಾಯರಿನಲ್ಲಿ. ಡ್ರಾಯರಿಗೂ ಗಂಟು. ಕತ್ತರಿ ಫಸ್ಟ್ ಏಡ್ ಪೆಟ್ಟಿಗೆಯಲ್ಲಿ. ಪೆಟ್ಟಿಗೆ ಮೇಲಿನ ಕಪಾಟಿನಲ್ಲಿ. ಕಪಾಟಿಗೆ ಎರಡು ಗಂಟು.

ಅಷ್ಟರಲ್ಲಿ ಅತ್ತೆ ಬಗ್ಗಿ, ಕಟ್ಟಿದ ಬಟ್ಟೆಯನ್ನು ದಿಟ್ಟಿಸಿದರು. "ಇದು ನನ್ನ ನೀಲಿ ವಾಯಿಲ್ ಸೀರೆ ಅಲ್ವೇನ್ರೀ?"

"ಹಳೇದು ಕಣೇ."

"ಹಳೇದಾದ್ರೆ ಹರಿಯೋದಾ? ನೀವೂ ಹಳೇದಾಗಿದ್ದೀರಿ, ನಾನು ಹರಿದು ಹಾಕಿದ್ನಾ?"

ಪಕ್ಕದಲ್ಲಿ ನಿಲ್ಲಿಸಿದ್ದ ಟ್ರೇಲರಿನ ಅಮೆರಿಕನ್ ಮುದುಕರೊಬ್ಬರು ಗದ್ದಲ ಕೇಳಿ ಜೇಬಿನ ಚಾಕು ತಂದುಕೊಟ್ಟರು. ಅತ್ತೆ ಫ್ರಿಜ್ಜಿಗೆ ಅಡ್ಡ ನಿಂತರು. ಉಳಿದಿರುವ ಸೀರೆಗಾದರೂ ಚಾಕು ತಾಗಕೂಡದು. ಹೆಗಲ ಮೇಲೆ ಹಿಟ್ಟು ತೊಟ್ಟಿಕ್ಕುತ್ತಿದ್ದರೂ ಕದಲಲಿಲ್ಲ. ಮುದುಕರು ಗುಡ್ ಲಕ್ ಹೇಳಿ ಹೊರಟುಹೋದರು.

ಕೊನೆಗೆ "ಸರೀರಿ, ನಾನು ಬಿಚ್ತೀನಿ" ಎಂದು ಮಾವನವರೇ ಮುಂದೆ ಬಂದರು. ಕನ್ನಡಕ ಏರಿಸಿ, ಉಗುರಿನಿಂದ ಎಳೆ ಹುಡುಕಿದರು. ಬೆರಳು ನಡುಗಿತು, ಗಂಟು ಜಗ್ಗಲಿಲ್ಲ. ಬೆಳಕು ಸಾಲದು ಎಂದರು, ನೆತ್ತಿಯ ಮೇಲೆ ಮಧ್ಯಾಹ್ನದ ಸೂರ್ಯ. ಅತ್ತೆ ಒಂದು ಮಾತೂ ಆಡದೆ ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತುರುಬಿನಿಂದ ಹೇರ್‌ಪಿನ್ ಎಳೆದು ಗಂಟಿನ ಹೊಟ್ಟೆಗೆ ತೂರಿಸಿ ಒಮ್ಮೆ ತಿರುವಿದರು. ಬಿಚ್ಚಿಕೊಂಡಿತು. ಗಂಟಿನ ಬಾಯಿ ಎಲ್ಲಿದೆಯೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಸೀರೆಯ ಸಿಟ್ಟಿಗೆ ಅಷ್ಟು ಹೊತ್ತು ಸುಮ್ಮನಿದ್ದರು, ಅಷ್ಟೆ.

ಬಾಗಿಲು ತೆರೆದದ್ದೇ ತಡ, ಉಳಿದ ಹಿಟ್ಟು ಮಾವನವರ ಹೊಸ ವಾಕಿಂಗ್ ಶೂಗಳ ಮೇಲೆ ದೊಪ್ಪೆಂದು ಬಿತ್ತು. ಡಬ್ಬಿಯ ತಳದಲ್ಲಿ ಮಿಕ್ಕಿದ್ದನ್ನು ಗೋರಿ ಅತ್ತೆ ದೋಸೆ ಹೊಯ್ದರು. ಮೊದಲನೆಯದು ಗಂಡನ ತಟ್ಟೆಗೇ ಹೋಯಿತು. "ಹಿಟ್ಟು ಚೆನ್ನಾಗಿ ಉಬ್ಬಿದೆ ಕಣೇ" ಎಂದರು ಮಾವ, ಕಾಲಲ್ಲಿ ಬರೀ ಸಾಕ್ಸು.

ಮುಂದಿನ ಬೇಸಿಗೆಗೆ ಯೆಲ್ಲೋಸ್ಟೋನ್ ಎಂದು ಇವರು ಬಾಯಿತಪ್ಪಿ ಅಂದುಬಿಟ್ಟಿದ್ದಾರೆ. ಅತ್ತೆ ತಮ್ಮ ಸೂಟ್‌ಕೇಸಿಗೆ ನಂಬರ್ ಲಾಕ್ ಹಾಕಿದ್ದಾರೆ. ನಿನ್ನೆ ಮಾವನವರು ನನ್ನ ಬೀರುವಿನ ಮುಂದೆ ನಿಂತು, ಬಲು ಅಕ್ಕರೆಯಿಂದ ಕೇಳಿದರು: "ಈ ಗಾರ್ಡನ್ ವರೇಲಿ ಸೀರೆ ನೀನು ಉಡೋದೇ ಇಲ್ಲ ಅಲ್ವೇನಮ್ಮಾ?"