ಗುರುವಂದನೆ

ತಿಪಟೂರು ಸ್ಟೇಷನ್ನಿನಿಂದ ಹೊರಗೆ ಬಂದರೆ ಫ್ಲೆಕ್ಸ್ ಕೆಳಗೆ ನಮ್ಮ ಬ್ಯಾಚಿನ ಸಂಚಾಲಕ.

“ಬಾರೋ ಮಗಾ! ಎಸ್ಸೆಸ್ಸೆಲ್ಸಿ 1995, ಗುರುವಂದನೆ. ಹೆಂಗಿದೆ ಫ್ಲೆಕ್ಸು?”

“2016ರಲ್ಲೇ ಫ್ಲೆಕ್ಸ್ ನಿಷೇಧ ಮಾಡಿದ್ರಲ್ಲೋ?”

“ಅದಕ್ಕೇ ಒಂದೇ ಹಾಕ್ಸಿದೀನಿ. ನಲವತ್ತಡಿ.”

“ನಿನ್ ಮುಖಾನೇ ಬಾಗಿಲಷ್ಟಿದೆ. ಮೇಷ್ಟ್ರೆಲ್ಲಿ?”

“ಕೆಳಗಡೆ ಸಾಲು, ಪಾಸ್‌ಪೋರ್ಟ್ ಸೈಜು. ಅವರೇನು ಎಲೆಕ್ಷನ್‌ಗೆ ನಿಲ್ತಾರಾ?”

“ನೀನು ನಿಲ್ತೀಯಾ?”

“ಜನ ಒತ್ತಾಯ ಮಾಡ್ತಿದಾರೆ ಕಣೋ.”

(ಜನ ಅಂದರೆ ಅವನ ಬಾಮೈದ. ಫ್ಲೆಕ್ಸಿನಲ್ಲಿ ಅವನೂ ಕೈಮುಗಿದುಕೊಂಡಿದ್ದ.)

ವೇದಿಕೆಯಲ್ಲಿ ಲೆಕ್ಕದ ಮೇಷ್ಟ್ರಿಗೆ ಶಾಲು, ಮೈಸೂರು ಪೇಟ, ಉಂಡೆ ಕೊಬ್ಬರಿಯ ಹಾರ. ಪೇಟ ಹುಬ್ಬು ದಾಟಿ ಕನ್ನಡಕದ ಮೇಲೆ ಕೂತಿತ್ತು. ಸ್ವಾಗತ ಭಾಷಣ ಮಾತ್ರ ಮುಗಿಯಲೊಲ್ಲದು. ಕೊನೆಗೂ ಕಾಲಿಗೆರಗಿದೆ.

“ಗುರುತು ಸಿಕ್ತಾ ಸಾರ್?”

“ಹಿಂದಿನ ಬೆಂಚು. ಏನ್ಮಾಡ್ಕೊಂಡಿದೀಯಪ್ಪ?”

“ಬೆಂಗ್ಳೂರಲ್ಲಿ ಡೇಟಾ ಅನಾಲಿಟಿಕ್ಸ್ ಸಾರ್.”

“ಹಂಗಂದ್ರೆ?”

“ಲೆಕ್ಕ ಸಾರ್.”

“ಲೆಕ್ಕಾನಾ? ನೀನಾ?” ಮೇಷ್ಟ್ರು ಎರಡು ಕೈಯಲ್ಲಿ ಪೇಟ ಎತ್ತಿ ಸರಿಯಾಗಿ ನೋಡಿದರು. “ಹಂಗಾದ್ರೆ ಹೇಳು. ಎಪಿಎಂಸಿ ರೇಟಲ್ಲಿ ಈ ಹಾರಕ್ಕೆ ಎಷ್ಟಾಯ್ತು?”

ನಾನು ಜೇಬಿಗೆ ಕೈ ಹಾಕಿದೆ.

“ಮೊಬೈಲ್ ಒಳಗಿಡು. ಬಾಯಲ್ಲೇ!”

ಅಷ್ಟರಲ್ಲಿ ಸಂಚಾಲಕ ಬಗ್ಗಿ ಪಿಸುಗುಟ್ಟಿದ: “ಸಾರ್, ಫೋಟೋ ಆದ್ಮೇಲೆ ಹಾರ ಕೊಟ್ಬಿಡಿ. ನಮ್ ಬಾಮೈದನ ಮಂಡೀದು.”