ಪೈಥಾನ್ 2ರಲ್ಲಿ ಬರೆದಿಟ್ಟು ಹೋದ ಮಹನೀಯರಿಗೆ

ಮಾನ್ಯರೇ,

ತಮ್ಮ ರಜೆ ಲೆಕ್ಕದ ಪ್ರೋಗ್ರಾಂ ಇನ್ನೂ ಓಡುತ್ತಿದೆ. ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಪೈಥಾನ್ 2ರ ಬೆಂಬಲ ನಿಲ್ಲಿಸಲು ಮೊದಲು 2015ರ ಗಡುವಿತ್ತು. ತಮ್ಮಂಥ ಬಿಡುವಿಲ್ಲದವರ ಮೇಲಿನ ಕರುಣೆಯಿಂದ ಅದನ್ನು 2020ಕ್ಕೆ ಮುಂದೂಡಿದರು. ಆಗಲೂ ತಮಗೆ ಪುರಸೊತ್ತಾಗಲಿಲ್ಲ. ಪ್ರೋಗ್ರಾಂ ಅನ್ನು ಪೈಥಾನ್ 3ಕ್ಕೆ ತಿರುಗಿಸುವ ಪುಣ್ಯ ಈಗ ನಮಗೆ ಒಲಿದಿದೆ.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಉಪಕರಣವೊಂದಿದೆ. ಪ್ರಿಂಟ್ ಮುಂದೆ ಆವರಣ ಹಾಕು ಎಂದರೆ ಶಿಸ್ತಾಗಿ ಹಾಕುತ್ತದೆ. ಭಾಗಾಕಾರದ ಗೆರೆಯನ್ನು ಮಾತ್ರ ಇದ್ದಂತೆಯೇ ಬಿಡುತ್ತದೆ, ಯಾಕೆಂದರೆ ತಮ್ಮ ಮನಸ್ಸಿನಲ್ಲೇನಿತ್ತು ಎಂಬುದು ಅದಕ್ಕೆ ತಿಳಿಯದು.

ಉಳಿದ ರಜೆಯಲ್ಲಿ ಅರ್ಧವನ್ನು ನಗದಾಗಿಸುವ ಆ ಸಾಲು ನೆನಪಿದೆಯೇ? ಏಳು ದಿನ ಉಳಿದಿದ್ದರೆ 7 / 2. ಪೈಥಾನ್ 2 ಅದಕ್ಕೆ 3 ಎನ್ನುತ್ತದೆ, ಪೈಥಾನ್ 3ಕ್ಕೆ ಬಂದರೆ 3.5. ಹಳೆಯ ಉತ್ತರವೇ ಬೇಕಿದ್ದರೆ ಗೆರೆ ಎರಡಾಗಬೇಕು. ಆ ಅರ್ಧ ದಿನವನ್ನು ತಾವು ಬೇಕೆಂದೇ ಕತ್ತರಿಸಿದಿರೋ, ಅದು ತಾನಾಗಿ ಉದುರಿತೋ? ಎಚ್‌ಆರ್‌ನವರನ್ನು ಕೇಳಿದೆವು. 'ಇಷ್ಟು ವರ್ಷ ಹೀಗೇ ಬಂದಿದೆ, ಅಂದಮೇಲೆ ಅದೇ ರೂಲು' ಎಂದರು. ಹೋಗಲಿ, ಪೂರ್ಣಾಂಕ ಮಾಡೋಣವೆಂದು ರೌಂಡ್ ಹಾಕಿದರೆ ಅದೂ ಬದಲಾಗಿದೆ: ಸರಿಯಾಗಿ ಅರ್ಧವಾದರೆ ಹೊಸದು ಹತ್ತಿರದ ಸಮಸಂಖ್ಯೆಗೆ ವಾಲುತ್ತದೆ. 3.5 ಇದ್ದವರಿಗೆ 4 ದಿನದ ದುಡ್ಡು, 2.5 ಇದ್ದವರಿಗೆ ಎರಡೇ ದಿನದ್ದು.

ಇನ್ನು ನೌಕರರ ಹೆಸರನ್ನು 20ಕ್ಕೆ ಕತ್ತರಿಸಿದ್ದೀರಿ. ಇಪ್ಪತ್ತು ಏನು ಸ್ವಾಮಿ? 'ಕನ್ನಡ' ಎಂಬುದರ ಉದ್ದ ಯುಟಿಎಫ್-8 ಬೈಟುಗಳಲ್ಲಿ 15. ತಮ್ಮ ಪೈಥಾನ್ ಎಣಿಸುತ್ತಿದ್ದದ್ದು ಅದನ್ನೇ. ಹೊಸದು ಯುನಿಕೋಡ್ ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ. ಒಂದನೇ ಕ್ಲಾಸಿನ ಮಗು ಮೂರು ಅನ್ನುತ್ತದೆ. ತಮ್ಮ ಇಪ್ಪತ್ತು ಬೈಟಿಗೆ ಕನ್ನಡದ ಆರು ಸಂಕೇತ ಹಿಡಿದು ಏಳನೆಯದು ಮುರಿಯುತ್ತಿತ್ತು; ಪೇ ಸ್ಲಿಪ್ಪಿನಲ್ಲಿ ಹೆಸರಿನ ತುದಿಗೆ ಬರುತ್ತಿದ್ದ ಆ ವಿಚಿತ್ರ ಗುರುತನ್ನು ಕೆಲವರು ಮೊಹರೆಂದೇ ತಿಳಿದಿದ್ದರು.

ಖಾಲಿ ಬಿಟ್ಟ ಮೌಲ್ಯ (None) ಸೊನ್ನೆಗಿಂತ ದೊಡ್ಡದೇ ಎಂದು ಹೋಲಿಸಿದ ಕಡೆಗಳಲ್ಲಿ ಮಾತ್ರ ಪೈಥಾನ್ 3 ಕೂಗಿ ನಿಂತುಬಿಡುತ್ತದೆ. ಅಂಥ ತಪ್ಪುಗಳಿಗೆ ನಾವು ಋಣಿಗಳು.

ಇಡೀ ಕಡತದಲ್ಲಿ ತಾವು ಬರೆದ ಟಿಪ್ಪಣಿ ಒಂದೇ: 'ಇದನ್ನು ಮುಟ್ಟಬೇಡಿ'. ಆಜ್ಞೆಯಂತೆ ಗೆರೆ ಎರಡು ಮಾಡಿ, ಹಳೆಯ ಉತ್ತರವೇ ಸರಿಯೆಂದು ಟೆಸ್ಟ್ ಬರೆದಿದ್ದೇವೆ. ಅಂದಹಾಗೆ, ತಾವು ಕೆಲಸ ಬಿಟ್ಟಾಗ ಆದ ಸೆಟಲ್‌ಮೆಂಟಿನಲ್ಲೂ ಅರ್ಧ ದಿನ ಉದುರಿದೆ. ಅದು ತಪ್ಪೆಂದು ತಾವು ಬರೆದು ಕೊಟ್ಟರೆ ಎಚ್‌ಆರ್‌ಗೆ ತೋರಿಸುತ್ತೇವೆ.

ಇತಿ,
ತಮ್ಮ ಕೋಡಿನ ವಾರಸುದಾರರು